ಗುಂಡಿಗಣ್ಣಿನ ಸಂಸಾರದ ಗುಟ್ಟು

ನೆರೆಮನೆಯವರ ಬಗ್ಗೆ ನಮಗೆ ಎಷ್ಟು ಗೊತ್ತು? ಹೆಸರು ಗೊತ್ತಿರುತ್ತದೆ. ಯಜಮಾನರ ಕೆಲಸ, ಮಕ್ಕಳ ಶಾಲೆ ಗೊತ್ತಿರುತ್ತದೆ. ಮಧ್ಯಾಹ್ನದ ಒಗ್ಗರಣೆಯ ವಾಸನೆಯಿಂದ ಅಂದಿನ ಸಾರು ಯಾವುದೆಂದೂ ಗೊತ್ತಾಗಿಬಿಡುತ್ತದೆ. ಆದರೆ ಒಂದೇ ಬೀದಿಯಲ್ಲಿ 40 ವರ್ಷ ಬಾಳಿದ ಒಂದು ಕುಟುಂಬ ಮನುಷ್ಯರದೇ ಅಲ್ಲ ಎಂಬ ಸಂಗತಿ ಯಾರಿಗೂ ತಿಳಿಯದೇ ಹೋದರೆ?

ಇಂಥದೊಂದು ವಿಚಿತ್ರ ಪ್ರಶ್ನೆಯನ್ನು ಎತ್ತಿಕೊಂಡು 1993ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಮಕ್ಕಳ ಕಾದಂಬರಿ ಹೊರಬಂತು. ಹೆಸರು ‘ದಿ ಮೆನಿಮ್ಸ್’. ಬರೆದವರು ಸಿಲ್ವಿಯಾ ವಾ. 1935ರಲ್ಲಿ ಈಶಾನ್ಯ ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ ಹುಟ್ಟಿದ ಈಕೆ ವೃತ್ತಿಯಿಂದ ಶಾಲಾ ಶಿಕ್ಷಕಿ. ಮೊದಲ ಕಾದಂಬರಿ ಅಚ್ಚಾಗುವ ಹೊತ್ತಿಗೆ ವಯಸ್ಸು 60ರ ಹತ್ತಿರ ಬಂದಿತ್ತು. ಮರುವರ್ಷವೇ, ಅಂದರೆ 1994ರಲ್ಲಿ, ಆ ಪುಸ್ತಕಕ್ಕೆ ‘ಗಾರ್ಡಿಯನ್’ ಪತ್ರಿಕೆಯ ಮಕ್ಕಳ ಸಾಹಿತ್ಯ ಪ್ರಶಸ್ತಿ ಬಂತು. ನಂತರದ ಮೂರು ವರ್ಷಗಳಲ್ಲಿ ಇದೇ ಕುಟುಂಬದ ಕಥೆ ಇನ್ನೂ ನಾಲ್ಕು ಪುಸ್ತಕಗಳಾಗಿ ಬೆಳೆಯಿತು.

ಮೇಲುನೋಟಕ್ಕೆ ಇದೊಂದು ತಮಾಷೆಯ ಕಥೆ. ನಗುತ್ತ ನಗುತ್ತ ಓದಿ ಮುಗಿಸಬಹುದು. ಆದರೆ ಓದಿ ಕೆಳಗಿಟ್ಟ ಮೇಲೂ ಒಂದು ಪ್ರಶ್ನೆ ಹಿಂಬಾಲಿಸಿ ಬರುತ್ತದೆ. ನಾಲ್ಕು ಜನರಂತೆ ಕಾಣಿಸಿಕೊಳ್ಳಲು ಒಬ್ಬರು ಎಷ್ಟು ಸುಳ್ಳು ಹೇಳಬೇಕು? ಆ ಸುಳ್ಳಿನ ಬೆಲೆಯನ್ನು ತೆರುವವರು ಯಾರು?

ಮನೆ ತುಂಬ ಬಟ್ಟೆಗೊಂಬೆಗಳು

ಕಥೆ ನಡೆಯುವುದು ಕ್ಯಾಸಲ್‌ಡೀನ್ ಎಂಬ ಕಲ್ಪಿತ ಪಟ್ಟಣದಲ್ಲಿ. ಬ್ರಾಕಲ್‌ಹರ್ಸ್ಟ್ ಗ್ರೋವ್ ಎಂಬ ಬೀದಿಯ ಐದನೇ ನಂಬರಿನ ಮನೆಯಲ್ಲಿ ಕೇಟ್ ಪೆನ್ಶಾ ಎಂಬ ಒಂಟಿ ಹೆಂಗಸೊಬ್ಬಳಿದ್ದಳು. ಸೂಜಿ ದಾರ ಹಿಡಿದರೆ ಆಕೆಯ ಕೈ ಮಾಂತ್ರಿಕನ ಕೈ. ಮನುಷ್ಯರಷ್ಟೇ ಎತ್ತರದ, ಮನುಷ್ಯರಷ್ಟೇ ಗಾತ್ರದ ಬಟ್ಟೆಗೊಂಬೆಗಳ ಒಂದು ಇಡೀ ಕುಟುಂಬವನ್ನೇ ಆಕೆ ಹೊಲಿದಿಟ್ಟಿದ್ದಳು. ಒಂದು ದಿನ ಆಕೆ ತೀರಿಕೊಂಡಳು. ಅವಳು ಹೋದ ಮೇಲೆ ಗೊಂಬೆಗಳಿಗೆ ಜೀವ ಬಂತು.

ಹೇಗೆ ಬಂತು, ಏಕೆ ಬಂತು ಎಂದು ಲೇಖಕಿ ಆರಂಭದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಮಂತ್ರದಂಡವಿಲ್ಲ, ಶಾಪವಿಲ್ಲ, ದೇವತೆಯ ವರವೂ ಇಲ್ಲ. ಜೀವ ಬಂತು, ಅಷ್ಟೆ. ಇನ್ನು ಬದುಕಬೇಕಲ್ಲ? ಬಾಡಿಗೆ ಕಟ್ಟಬೇಕು, ಕರೆಂಟ್ ಬಿಲ್ಲು ತುಂಬಬೇಕು, ಬಾಗಿಲು ತಟ್ಟಿದವರಿಗೆ ಉತ್ತರ ಹೇಳಬೇಕು. ಕಾದಂಬರಿಯ ಆಸಕ್ತಿಯೆಲ್ಲ ಈ ಕಡೆಗೆ.

ಮನೆಯ ಹಿರಿಯ ಸರ್ ಮ್ಯಾಗ್ನಸ್. ಹಾಸಿಗೆ ಬಿಟ್ಟು ಏಳದ ಅಜ್ಜ. ಮಲಗಿದಲ್ಲಿಂದಲೇ ಮನೆಯನ್ನು ಆಳುತ್ತಾನೆ, ಇತಿಹಾಸದ ಮೇಲೆ ಲೇಖನಗಳನ್ನು ಬರೆದು ಅಂಚೆಗೆ ಹಾಕಿಸುತ್ತಾನೆ. ಅಜ್ಜಿ ಟ್ಯೂಲಿಪ್ ಮನೆಯ ಲೆಕ್ಕಪತ್ರದ ಒಡತಿ. ಅವಳು ಹೆಣೆದ ಉಣ್ಣೆಯ ಉಡುಪುಗಳು ಮಾರಾಟಕ್ಕೆ ಹೋಗುತ್ತವೆ. ಮಗ ಜಾಶುವಾ ಒಂದು ಗೋದಾಮಿನ ರಾತ್ರಿ ಕಾವಲುಗಾರ. ಸೊಸೆ ವಿನೆಟಾ ಹೊಲಿಗೆ ಕೆಲಸ ಮಾಡುತ್ತಾಳೆ, ಮನೆಯ ಎಲ್ಲರ ಮನಸ್ಸನ್ನೂ ಸಂಭಾಳಿಸುತ್ತಾಳೆ. ಮಕ್ಕಳಲ್ಲಿ 16ರ ಸೂಬಿ, 15ರ ಆಪಲ್‌ಬಿ, ಹತ್ತು ವರ್ಷದ ಅವಳಿಗಳಾದ ಪೂಪಿ ಮತ್ತು ವಿಂಪಿ, ತೊಟ್ಟಿಲಲ್ಲಿ ಗೂಗಲ್ಸ್ ಎಂಬ ಹಸುಗೂಸು.

ಇವರಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ. ಹೊಲಿದಾಗ ಎಷ್ಟು ವಯಸ್ಸಿತ್ತೋ ಅಷ್ಟೇ. ಆಪಲ್‌ಬಿಗೆ 40 ವರ್ಷಗಳಿಂದ 15 ವರ್ಷ! ಹದಿಹರೆಯದ ಸಿಟ್ಟು, ಸೆಡವು, ಬಾಗಿಲು ದಡಾರನೆ ಹಾಕುವ ಚಾಳಿ ಎಲ್ಲವನ್ನೂ ಮನೆಯವರು ನಾಲ್ಕು ದಶಕಗಳಿಂದ ಸಹಿಸುತ್ತ ಬಂದಿದ್ದಾರೆ. ಹದಿಹರೆಯದ ಮಕ್ಕಳಿರುವ ಯಾವ ತಾಯಿಯಾದರೂ ವಿನೆಟಾಳಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಬಹುದು.

ಮುಖ ತೋರಿಸದೆ ಬಾಳುವ ವಿದ್ಯೆ

ಬಟ್ಟೆಯ ಮುಖ, ಗುಂಡಿಯ ಕಣ್ಣು. ಹತ್ತಿರದಿಂದ ನೋಡಿದ ಯಾರಿಗಾದರೂ ಒಂದು ಕ್ಷಣದಲ್ಲಿ ಗುಟ್ಟು ರಟ್ಟಾಗುತ್ತದೆ. ಹೀಗಿರುವಾಗ 40 ವರ್ಷ ಸಾಗಿದ್ದಾದರೂ ಹೇಗೆ?

ಅದಕ್ಕೆ ಮೆನಿಮ್ ಕುಟುಂಬದ ಉತ್ತರ ಅಂಚೆ ಮತ್ತು ಟೆಲಿಫೋನು. ಸಂಪಾದನೆಯ ಬಹುಪಾಲು ಅಂಚೆಯ ಮೂಲಕವೇ ನಡೆಯುತ್ತದೆ. ಕೇಟ್ ತೀರಿದ ಮೇಲೆ ಮನೆಯ ಒಡೆತನ ಆಸ್ಟ್ರೇಲಿಯಾದಲ್ಲಿರುವ ಆಕೆಯ ಸಂಬಂಧಿಯ ಪಾಲಾಗಿದೆ. ಅಷ್ಟು ದೂರದ ಮಾಲೀಕನಿಗೆ ಬಾಡಿಗೆ ತಪ್ಪದೆ ಬಂದರೆ ಸಾಕು. ಜಾಶುವಾನ ಕೆಲಸ ರಾತ್ರಿಯದು. ಕತ್ತಲಲ್ಲಿ ಕಾವಲುಗಾರನ ಮುಖ ನೋಡುವವರು ಯಾರು? ಅಂಗಡಿಗೆ, ಪೋಸ್ಟಾಫೀಸಿಗೆ ಹೋಗುವ ಕೆಲಸ ಚುರುಕು ಹುಡುಗಿ ಆಪಲ್‌ಬಿಯದು. ಕಪ್ಪು ಕನ್ನಡಕ, ಮುಖ ಮರೆಸುವ ಟೋಪಿ, ತಲೆ ತಗ್ಗಿಸಿ ಸರಸರನೆ ನಡೆಯುವ ಅಭ್ಯಾಸ, ಇವೇ ಅವಳ ರಕ್ಷಾಕವಚ.

ಇಲ್ಲಿ ಲೇಖಕಿ ಇಂಗ್ಲಿಷ್ ನಗರ ಜೀವನದ ಒಂದು ಗುಣವನ್ನು ಚೆನ್ನಾಗಿ ದುಡಿಸಿಕೊಂಡಿದ್ದಾರೆ. ಆ ಊರಿನ ಸಭ್ಯತೆಯಲ್ಲಿ ಪಕ್ಕದ ಮನೆಯ ವಿಚಾರಕ್ಕೆ ತಲೆ ಹಾಕದಿರುವುದು ಒಂದು ದೊಡ್ಡ ನಿಯಮ. ಎದುರಾದರೆ ಹವಾಮಾನದ ಬಗ್ಗೆ ಎರಡು ಮಾತು, ಅಲ್ಲಿಗೆ ಮುಗಿಯಿತು. ಆ ನಿಯಮದ ನೆರಳಿನಲ್ಲೇ ಈ ಕುಟುಂಬ ಉಳಿದುಕೊಂಡಿದೆ. ಇದೇ ಸಂಸಾರ ನಮ್ಮ ಯಾವುದಾದರೂ ವಠಾರದಲ್ಲಿ ಬಿಡಾರ ಹೂಡಿದ್ದರೆ? ಮೊದಲ ಸಂಜೆಯೇ ಎದುರುಮನೆಯವರು ಕಾಫಿಪುಡಿ ಸಾಲ ಕೇಳಲು ಬರುತ್ತಿದ್ದರು. ಎರಡನೇ ದಿನ ಅಜ್ಜನ ಕಾಲಿಗೆ ಯಾವ ಎಣ್ಣೆ ಹಚ್ಚಬೇಕೆಂಬ ಸಲಹೆ ಬರುತ್ತಿತ್ತು. ಮೂರನೆಯ ದಿನದ ಹೊತ್ತಿಗೆ ಗುಂಡಿಗಣ್ಣಿನ ಸುದ್ದಿ ಬೀದಿ ದಾಟಿರುತ್ತಿತ್ತು!

ಕಾಲವೂ ಬದಲಾಗಿದೆ. ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ದಿನಸಿ ತರಿಸಿ, ಅದರಲ್ಲೇ ಹಣ ಪಾವತಿಸುವ ಇಂದಿನ ದಿನ ಮೆನಿಮ್ ಕುಟುಂಬಕ್ಕೆ ಹೆಚ್ಚು ಅನುಕೂಲ ಎನಿಸಬಹುದು. ಆದರೆ ಇಂದು ಬ್ಯಾಂಕಿನ ಖಾತೆಗೂ ಫೋಟೋ ಬೇಕು, ಗೋದಾಮಿನ ಮೂಲೆಮೂಲೆಗೂ ಕ್ಯಾಮೆರಾ ಇದೆ. ಕತ್ತಲೆಯನ್ನೇ ನಂಬಿದ್ದ ಜಾಶುವಾನ ನೌಕರಿ ಒಂದು ರಾತ್ರಿಯೂ ಉಳಿಯುವುದು ಕಷ್ಟ. ಕಾದಂಬರಿ ಹುಟ್ಟಿದ ಕಾಲ ಹಾಗಿರಲಿಲ್ಲ. ಒಬ್ಬ ವ್ಯಕ್ತಿ ಬರೀ ಒಂದು ಸಹಿ ಮತ್ತು ಒಂದು ಧ್ವನಿಯಾಗಿ ಬದುಕಿಬಿಡಬಹುದಾಗಿದ್ದ ಕೊನೆಯ ದಿನಗಳು ಅವು.

ಗೊಂಬೆಗಳಿಗೆ ಗೊಂಬೆಗಳದೇ ಕಷ್ಟಗಳೂ ಇವೆ. ಜಾಶುವಾ ಕಾವಲಿರುವ ಗೋದಾಮಿನಲ್ಲಿ ಇಲಿಗಳು ಅವನ ಕಾಲನ್ನು ಕಡಿದುಹಾಕುತ್ತವೆ. ಮನುಷ್ಯನಾಗಿದ್ದರೆ ಆಸ್ಪತ್ರೆಗೆ ಓಡುತ್ತಿದ್ದ. ಇವನು ಹರಿದ ಕಾಲನ್ನು ಎಳೆದುಕೊಂಡು ಮನೆಗೆ ಬರಬೇಕು, ಹೆಂಡತಿ ಸೂಜಿ ದಾರ ತೆಗೆಯಬೇಕು. ನಗು ತರಿಸುವ ಸನ್ನಿವೇಶವೇ ನಿಜ. ಆದರೆ ಆಸ್ಪತ್ರೆಗೆ ಹೋಗಲಾರದವನ ಅಸಹಾಯಕತೆ ಆ ನಗುವಿನ ಜೊತೆಗೇ ತಣ್ಣಗೆ ಒಳಗಿಳಿಯುತ್ತದೆ.

ಎರಡು ಬಗೆಯ ಸೋಗು

ಲೋಕಕ್ಕೆ ಕಾಣಲೆಂದು ಹಾಕುವ ಸೋಗು ಒಂದು. ಅದರ ಕಾರಣ ಸುಲಭವಾಗಿ ಅರ್ಥವಾಗುತ್ತದೆ. ಈ ಕಾದಂಬರಿಯ ನಿಜವಾದ ಸ್ವಾರಸ್ಯ ಇರುವುದು ಮತ್ತೊಂದು ಸೋಗಿನಲ್ಲಿ.

ಬಾಗಿಲು ಹಾಕಿದ ಮೇಲೆ, ಪರದೆ ಎಳೆದ ಮೇಲೆ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿಯಾದ ಮೇಲೂ ಮೆನಿಮ್ ಕುಟುಂಬ ನಟನೆ ಬಿಡುವುದಿಲ್ಲ. ಗೊಂಬೆಗಳಿಗೆ ಹಸಿವಿಲ್ಲ, ಊಟ ಬೇಕಿಲ್ಲ. ಆದರೂ ಹೊತ್ತು ಹೊತ್ತಿಗೆ ಮೇಜಿನ ಸುತ್ತ ಕೂಡುತ್ತಾರೆ. ಖಾಲಿ ತಟ್ಟೆ, ಖಾಲಿ ಲೋಟ. ಇಲ್ಲದ ಚಹಾವನ್ನು ಬಗ್ಗಿಸುತ್ತಾರೆ, ಇಲ್ಲದ ಅಡುಗೆಯನ್ನು ಮೆಚ್ಚುತ್ತಾರೆ. ನಮ್ಮ ಮಕ್ಕಳು ಜಗಲಿಯ ಮೇಲೆ ಮಣ್ಣಿನ ಅನ್ನ, ಎಲೆಯ ಪಲ್ಯ ಬಡಿಸಿಕೊಂಡು ‘ಸುಳ್ಳುಸುಳ್ಳೇ ಊಟ’ ಮಾಡುತ್ತಾರಲ್ಲ, ಅದೇ ಆಟ. ಇಲ್ಲಿ ಅಜ್ಜ ಅಜ್ಜಿಯರೂ ಆಡುತ್ತಾರೆ, ಪ್ರತಿದಿನ ಆಡುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ಏಕೆ ಹೀಗೆ? ಊಟವಿಲ್ಲದ ಸಂಸಾರದಲ್ಲಿ ಎಲ್ಲರೂ ಒಟ್ಟಿಗೆ ಕೂರುವುದಕ್ಕೆ ನೆಪವೇ ಇರುವುದಿಲ್ಲ. ಹುಟ್ಟುಹಬ್ಬ, ಕ್ರಿಸ್‌ಮಸ್, ಜ್ವರ, ಪರೀಕ್ಷೆ ಯಾವುದೂ ಸಹಜವಾಗಿ ಒದಗದ ಬಾಳಿನಲ್ಲಿ ದಿನವನ್ನು ದಿನದಿಂದ ಬೇರೆ ಮಾಡುವುದಾದರೂ ಏನು? ಆ ಸುಳ್ಳುಸುಳ್ಳೇ ಊಟದಿಂದಲೇ ಅವರು ಒಂದು ಕುಟುಂಬವಾಗಿ ಉಳಿದಿದ್ದಾರೆ. ಯೋಚಿಸಿದರೆ ಮನುಷ್ಯರ ಸಂಸಾರದಲ್ಲೂ ಎಷ್ಟೋ ಆಚರಣೆಗಳ ಒಳಗುಟ್ಟು ಇದೇ. ಹಸಿವಿಲ್ಲದಿದ್ದರೂ ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂರುತ್ತೇವೆ. ಹೊಟ್ಟೆಗಾಗಿ ಅಲ್ಲ, ಪಂಕ್ತಿಗಾಗಿ.

ಈ ಆಟದ ಅತ್ಯಂತ ಕರುಣಾಜನಕ, ಅಷ್ಟೇ ನಗೆ ತರಿಸುವ ಪಾತ್ರ ಮಿಸ್ ಕ್ವಿಗ್ಲಿಯದು. ಈಕೆ ಕುಟುಂಬದ ಸ್ನೇಹಿತೆ. ಹದಿನೈದು ದಿನಕ್ಕೊಮ್ಮೆ ಭೇಟಿಗೆ ಬರುತ್ತಾಳೆ, ಔಪಚಾರಿಕವಾಗಿ ಮಾತಾಡುತ್ತಾಳೆ, ಹೊತ್ತಾಯಿತೆಂದು ತನ್ನ ಮನೆಗೆ ಹೊರಡುತ್ತಾಳೆ. ಆ ಮನೆ ಯಾವುದು? ಅದೇ ಮನೆಯ ನಡುಮನೆಯ ಕಪಾಟು! ಕೇಟ್ ಆಕೆಯನ್ನು ಅತಿಥಿಯಾಗಿ ಹೊಲಿದಿದ್ದಳು. ಅತಿಥಿಗೆ ಮನೆಯಲ್ಲಿ ಕೋಣೆ ಇರುವುದಿಲ್ಲವಲ್ಲ. ಎರಡು ಭೇಟಿಗಳ ನಡುವಿನ ದಿನಗಳನ್ನು ಆಕೆ ಕಪಾಟಿನ ಕತ್ತಲಲ್ಲಿ ಕುಳಿತು ಕಳೆಯುತ್ತಾಳೆ. ಇದು ಎಲ್ಲರಿಗೂ ಗೊತ್ತು, ಆದರೆ ಯಾರೂ ಬಾಯಿ ಬಿಡುವುದಿಲ್ಲ.

ಸೋಗು ಹಾಕಲೊಲ್ಲದ ಹುಡುಗ

ಎಲ್ಲರೂ ಆಡುವ ಆಟಕ್ಕೆ ಸೇರದವನು ಒಬ್ಬನೇ, ಹಿರಿಯ ಮೊಮ್ಮಗ ಸೂಬಿ. ಅವನು ನೀಲಿ. ತಲೆಯಿಂದ ಕಾಲಿನವರೆಗೆ ನೀಲಿ ಬಟ್ಟೆಯಲ್ಲಿ ಹೊಲಿದ ಹುಡುಗ. ಉಳಿದವರು ಮುಸುಕು ಹಾಕಿ ಹೇಗೋ ಹಗಲಲ್ಲಿ ಓಡಾಡಿಯಾರು. ಸೂಬಿಗೆ ಆ ಭಾಗ್ಯವಿಲ್ಲ. ರಾತ್ರಿ ತಲೆಮುಸುಕಿನ ಉಡುಪು ತೊಟ್ಟು ನಿರ್ಜನ ಬೀದಿಗಳಲ್ಲಿ ಓಡುವುದೊಂದೇ ಅವನಿಗೆ ಸಿಗುವ ಹೊರಗಿನ ಗಾಳಿ.

ಇಲ್ಲದ ಊಟವನ್ನು ಉಂಡಂತೆ ನಟಿಸಲು ಸೂಬಿ ಒಪ್ಪುವುದಿಲ್ಲ. ನಾವು ಗೊಂಬೆಗಳು, ಇದು ಸುಳ್ಳು ಎಂಬ ಅರಿವನ್ನು ಅವನು ಬಿಡಲಾರ. ಹಾಗೆಂದು ಅವನು ಮನೆಮುರುಕನಲ್ಲ. ಮನೆಗೆ ನಿಜವಾದ ಅಪಾಯ ಬಂದಾಗ ಮೊದಲು ಎದ್ದು ನಿಲ್ಲುವವನು ಅವನೇ. ಮನೆಯವರ ಸಮಾಧಾನವನ್ನು ಕೆಡಿಸಬಾರದು, ತನ್ನ ಮನಸ್ಸಿಗೆ ಸುಳ್ಳನ್ನೂ ಹೇಳಿಕೊಳ್ಳಬಾರದು, ಈ ಎರಡರ ನಡುವೆ ಅವನ ಬದುಕು ತೂಗುತ್ತದೆ. ಮಕ್ಕಳ ಪುಸ್ತಕದಲ್ಲಿ ಇಂಥ ಪಾತ್ರವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಲೇಖಕರು ವಿರಳ.

ಸೂಬಿಗೆ ಎದುರಾಗಿ ನಿಲ್ಲುವವಳು ತಂಗಿ ಆಪಲ್‌ಬಿ. ಅವಳಿಗೆ ಸೋಗು ಎಂದರೆ ಪ್ರಾಣ. ಕಥೆಗೆ ಚಾಲನೆ ಸಿಗುವುದು ಆಸ್ಟ್ರೇಲಿಯಾದಿಂದ ಬಂದ ಒಂದು ಪತ್ರದಿಂದ. ಮನೆಯ ಹಳೆಯ ಮಾಲೀಕ ತೀರಿಕೊಂಡಿದ್ದಾನೆ, ಹೊಸ ವಾರಸುದಾರ ಆಲ್ಬರ್ಟ್ ಪಾಂಡ್ ಎಂಬವನು ಇಂಗ್ಲೆಂಡಿಗೆ ಬಂದು ಇವರನ್ನೆಲ್ಲ ಕಾಣಬೇಕೆಂದಿದ್ದಾನೆ ಎಂಬುದು ಒಕ್ಕಣೆ. ಮನೆಯಲ್ಲಿ ಕೋಲಾಹಲ! ಬಂದವನಿಗೆ ಕೈಕುಲುಕುವುದು ಹೇಗೆ? ಮುಖ ತೋರಿಸುವುದು ಹೇಗೆ? ಅಜ್ಜನ ಹಾಸಿಗೆಯ ಸುತ್ತ ಸಭೆಯ ಮೇಲೆ ಸಭೆ.

ಕೊನೆಗೆ ಬಯಲಾಗುವ ಸತ್ಯವನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಆ ಪತ್ರಗಳನ್ನು ಹುಟ್ಟಿಸಿದವಳು ಆಪಲ್‌ಬಿ! ಆಸ್ಟ್ರೇಲಿಯಾದಿಂದ ಯಾರೂ ಬರುವವರಿರಲಿಲ್ಲ. 40 ವರ್ಷ ಏನೂ ನಡೆಯದ ಮನೆಯಲ್ಲಿ ಏನಾದರೂ ನಡೆಯಲಿ ಎಂದು 15ರ ಹುಡುಗಿ ಕಟ್ಟಿದ ಕಥೆ ಅದು. ಗುಟ್ಟು ಬಯಲಾದಾಗ ಮನೆಯವರಿಗೆ ಬರುವ ಸಿಟ್ಟು ಸಹಜವೇ. ಆದರೆ ಓದುಗನಿಗೆ ಒಂದು ಸಂದೇಹ ಹುಟ್ಟುತ್ತದೆ. ದಿನಕ್ಕೆ ಮೂರು ಹೊತ್ತು ಸುಳ್ಳು ಊಟ ಉಣ್ಣುವ ಮನೆಯಲ್ಲಿ ಬೆಳೆದ ಹುಡುಗಿಗೆ ಯಾವ ಸುಳ್ಳು ಆಟ, ಯಾವ ಸುಳ್ಳು ಅಪರಾಧ ಎಂಬ ಗೆರೆಯನ್ನು ತೋರಿಸಿಕೊಟ್ಟವರು ಯಾರು?

ಮೂರು ಬಗೆಯ ವಿಚಿತ್ರ ಸಂಸಾರಗಳು

ಮಾಯೆಯುಳ್ಳ ಕುಟುಂಬವೊಂದು ಸಾಮಾನ್ಯರ ನಡುವೆ ಬಾಳುವ ಕಥೆ ಸಿಲ್ವಿಯಾ ವಾ ಅವರ ಹೊಸ ಶೋಧವೇನೂ ಅಲ್ಲ. ಇಂಗ್ಲಿಷ್ ಮಕ್ಕಳ ಸಾಹಿತ್ಯದಲ್ಲಿ ಮಾಯೆಯ ಕಥೆಗಳಿಗೆ ಎರಡು ಹಳೆಯ ದಾರಿಗಳಿವೆ. ಮಕ್ಕಳು ನಮ್ಮ ಲೋಕದಿಂದ ಬೇರೆ ಲೋಕಕ್ಕೆ ಹೋಗುವುದು ಒಂದು. ಸಿ.ಎಸ್. ಲೂಯಿಸ್ 1950ರಲ್ಲಿ ಆರಂಭಿಸಿದ ನಾರ್ನಿಯಾ ಕಥೆಗಳು ಈ ಬಗೆಯವು. ಮಾಯೆಯೇ ನಮ್ಮ ಮನೆಗೆ ಬರುವುದು ಇನ್ನೊಂದು. ಇ. ನೆಸ್ಬಿಟ್ 1902ರಲ್ಲಿ ಪ್ರಕಟಿಸಿದ ‘ಫೈವ್ ಚಿಲ್ಡ್ರನ್ ಅಂಡ್ ಇಟ್’ ಇದಕ್ಕೆ ಉದಾಹರಣೆ. ಎರಡರಲ್ಲೂ ನೋಡುವ ಕಣ್ಣು ಮನುಷ್ಯರದು. ಮೆನಿಮ್ ಕಥೆ ಆ ಕಣ್ಣನ್ನು ತಿರುಗಿಸಿಬಿಡುತ್ತದೆ. ಇಲ್ಲಿ ಮಾಯೆಯವರೇ ಮನೆಯವರು. ಮನುಷ್ಯರೇ ಹೊರಗಿನವರು, ಅಪಾಯದವರು.

ಇಂಥ ಸಂಸಾರಗಳನ್ನೂ ಮೂರು ಬಗೆಯಾಗಿ ವಿಂಗಡಿಸಿ ನೋಡಬಹುದು.

ಮೊದಲನೆಯದು, ಲೋಕದ ಗೊಡವೆಯೇ ಇಲ್ಲದವರು. ಫಿನ್ಲೆಂಡಿನ ಟೂವೆ ಯಾನ್ಸನ್ 1945ರಿಂದ ಬರೆದ ಮೂಮಿನ್ ಕುಟುಂಬ ಹೀಗೆ. ತಮ್ಮ ಕಣಿವೆಯಲ್ಲಿ ತಾವು ಹಾಯಾಗಿರುತ್ತಾರೆ, ಯಾರಂತೆಯೂ ಆಗಬೇಕೆಂಬ ಹಂಬಲವಿಲ್ಲ. ಅಮೆರಿಕದ ವ್ಯಂಗ್ಯಚಿತ್ರಕಾರ ಚಾರ್ಲ್ಸ್ ಆಡಮ್ಸ್ 1938ರಿಂದ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಿಡಿಸಿದ ಭಯಾನಕ ಕುಟುಂಬವೂ ಇದೇ ಜಾತಿಯದು. ನೆರೆಹೊರೆಯವರು ಬೆಚ್ಚಿದರೆ ಅದು ನೆರೆಹೊರೆಯವರ ಸಮಸ್ಯೆ!

ಎರಡನೆಯದು, ತಾವು ಬೇರೆ ಎಂಬುದೇ ಗೊತ್ತಿಲ್ಲದವರು. 1964ರಲ್ಲಿ ಅಮೆರಿಕದ ಕಿರುತೆರೆಗೆ ಬಂದ ‘ದಿ ಮನ್‌ಸ್ಟರ್ಸ್’ ಧಾರಾವಾಹಿಯ ಕುಟುಂಬದಲ್ಲಿ ಎಲ್ಲರೂ ಒಂದಲ್ಲ ಒಂದು ಬಗೆಯ ಭೂತಗಳು. ಆದರೆ ತಾವು ಅಪ್ಪಟ ಸಾಮಾನ್ಯರೆಂದೇ ಅವರ ನಂಬಿಕೆ. ಮನೆಯಲ್ಲಿರುವ ಒಬ್ಬಳೇ ಮನುಷ್ಯ ರೂಪದ ಹುಡುಗಿಯನ್ನು ಕಂಡು, ಪಾಪ, ಹೀಗಾಯಿತಲ್ಲ ಎಂದು ಮರುಗುತ್ತಾರೆ.

ಮೂರನೆಯದು, ಗೊತ್ತಿದ್ದೂ ಬಚ್ಚಿಡುವವರು. ಅದೇ 1964ರಲ್ಲಿ ಆರಂಭವಾಗಿ 1972ರವರೆಗೆ ನಡೆದ ‘ಬಿವಿಚ್ಡ್’ ಧಾರಾವಾಹಿಯ ಸಮಂತಾ ಮಾಟಗಾತಿ. ಜಾಹೀರಾತು ಕಂಪನಿಯ ನೌಕರನೊಬ್ಬನನ್ನು ಮದುವೆಯಾಗಿ, ಇನ್ನು ಮಾಟ ಮಾಡುವುದಿಲ್ಲವೆಂದು ಮಾತು ಕೊಟ್ಟವಳು. ಮಾತು ಉಳಿಯುವುದಿಲ್ಲ. ಎದುರುಮನೆಯ ಹೆಂಗಸು ಕಿಟಕಿಯಿಂದ ಇಣುಕಿ ಇಣುಕಿ ನೋಡುತ್ತಲೇ ಇರುತ್ತಾಳೆ, ಹೇಳಿದರೆ ಅವಳ ಗಂಡನೇ ನಂಬುವುದಿಲ್ಲ. ಮೇರಿ ನಾರ್ಟನ್ 1952ರಲ್ಲಿ ಬರೆದ ‘ದಿ ಬಾರೋವರ್ಸ್’ ಕಾದಂಬರಿಯ ಅಂಗೈಯಗಲದ ಮನುಷ್ಯರು ನೆಲದ ಹಲಗೆಗಳ ಅಡಿಯಲ್ಲಿ ಅಡಗಿ ಬಾಳುತ್ತಾರೆ. ಮೆನಿಮ್ ಕುಟುಂಬ ಇವರ ಸಾಲಿಗೆ ಸೇರಿದ್ದು. ಒಂದೇ ವ್ಯತ್ಯಾಸವೆಂದರೆ, ಸಮಂತಾಳ ಕೈಯಲ್ಲಿ ಮಾಟವಿದೆ, ಸಂಕಟಕ್ಕೆ ಸಿಲುಕಿದರೆ ಮೂಗು ಅಲುಗಿಸಿ ಪಾರಾಗಬಹುದು. ಈ ಗೊಂಬೆಗಳಿಗೆ ಜೀವವಿರುವುದನ್ನು ಬಿಟ್ಟರೆ ಬೇರಾವ ಪವಾಡವೂ ಗೊತ್ತಿಲ್ಲ. ಅವರ ಮಾಯೆ ಅವರಿಗೆ ಕೊಟ್ಟಿರುವುದು ತೊಂದರೆಯನ್ನು ಮಾತ್ರ.

ಗೊಂಬೆ ಕಥೆಗಳ ಸಾಲಿನಲ್ಲಿಟ್ಟು ನೋಡಿದರೂ ಇದು ಬೇರೆಯಾಗಿ ನಿಲ್ಲುತ್ತದೆ. ಇಟಲಿಯ ಕೊಲ್ಲೋದಿ 1883ರಲ್ಲಿ ಪುಸ್ತಕವಾಗಿ ತಂದ ಪಿನೋಕಿಯೋ ಕಥೆಯಲ್ಲಿ ಮರದ ಗೊಂಬೆಗೆ ನಿಜವಾದ ಹುಡುಗನಾಗುವ ಆಸೆ; ಕೊನೆಗೆ ಆಗಿಯೂ ಬಿಡುತ್ತಾನೆ. 1995ರ ‘ಟಾಯ್ ಸ್ಟೋರಿ’ ಚಲನಚಿತ್ರದಲ್ಲಿ ಆಟಿಕೆಗಳಿಗೆ ಜೀವವಿದ್ದರೂ ಮನುಷ್ಯರು ಬಂದೊಡನೆ ನಿರ್ಜೀವದಂತೆ ಬಿದ್ದುಕೊಳ್ಳುತ್ತವೆ. ಮೆನಿಮ್ ಗೊಂಬೆಗಳದು ಇದಕ್ಕೆ ತದ್ವಿರುದ್ಧ. ಜನ ಬಂದರೆ ಅವರು ಇನ್ನಷ್ಟು ಜೀವಂತರಾಗಬೇಕು, ಇನ್ನಷ್ಟು ಮನುಷ್ಯರಾಗಬೇಕು. ಪಿನೋಕಿಯೋನಂತೆ ಅವರು ನಿಜವಾದ ಮನುಷ್ಯರಾಗುವುದೂ ಇಲ್ಲ. ನಮ್ಮ ಬತ್ತೀಸ ಪುತ್ಥಳಿ ಕಥೆಯಲ್ಲಿ ಸಿಂಹಾಸನದ ಗೊಂಬೆಗಳು ಮಾತಾಡಿದರೆ ಭೋಜರಾಜನೇ ನಿಂತು ಕೇಳುತ್ತಾನೆ. ಮಾತಾಡುವ ಗೊಂಬೆ ಅಲ್ಲಿ ತೀರ್ಪು ಕೊಡುವ ಅಧಿಕಾರಿ. ಇಲ್ಲಿಯದು ಬಾಡಿಗೆ ಮನೆಯಲ್ಲಿ ಉಸಿರು ಬಿಗಿಹಿಡಿದು ಕೂತ ಬಡಪಾಯಿ ಜೀವ.

ನಗುವಿನ ಅಡಿಯಲ್ಲಿ

ಇಂಥ ಕಥೆಗಳಿಗೆ ಓದುಗರು ಮನಸೋಲುವುದೇಕೆ? ಉತ್ತರ ದೂರವಿಲ್ಲ. ಹೊಸ ಊರಿಗೆ ಹೋದ ಯಾವ ಸಂಸಾರವೂ ಅಷ್ಟಿಷ್ಟು ಮೆನಿಮ್ ಸಂಸಾರವೇ. ಮನೆಯ ಮಾತು ಒಂದು, ಬೀದಿಯ ಮಾತು ಒಂದು. ಮನೆಯ ಊಟ ಒಂದು, ಶಾಲೆಯ ಡಬ್ಬಿಯಲ್ಲಿ ತೆಗೆದುಕೊಂಡು ಹೋಗುವುದು ಇನ್ನೊಂದು. ಬಾಡಿಗೆಗೆ ಮನೆ ಕೇಳಲು ಹೋದಾಗ ನೀವು ಯಾವ ಜನ, ಏನು ತಿನ್ನುತ್ತೀರಿ ಎಂಬ ಪ್ರಶ್ನೆ ಎದುರಾದವರಿಗೆ ಗುಟ್ಟು ಕಾಪಾಡುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಆ ಗುಟ್ಟಿನ ಹೊರೆ ಹೆಚ್ಚಾಗಿ ಬೀಳುವುದು ಮಕ್ಕಳ ಮೇಲೆ. ದೊಡ್ಡವರು ಮನೆಯೊಳಗೆ ಉಳಿದಾರು, ಅಂಗಡಿಗೆ ಹೋಗಬೇಕಾದವಳು ಆಪಲ್‌ಬಿ.

ಸಿಲ್ವಿಯಾ ವಾ ಅವರನ್ನು ಈ ಪ್ರಶ್ನೆ ಮುಂದೆಯೂ ಬಿಡಲಿಲ್ಲವೆಂಬುದಕ್ಕೆ ಅವರ ನಂತರದ ಕೃತಿಗಳೇ ಸಾಕ್ಷಿ. 2000ದಿಂದ 2003ರ ನಡುವೆ ಅವರು ಬರೆದ ಮೂರು ಕಾದಂಬರಿಗಳಲ್ಲಿ ಗೊಂಬೆಗಳಿಲ್ಲ, ಆರ್ಮಿಂಗಾಟ್ ಎಂಬ ದೂರದ ಗ್ರಹದಿಂದ ಬಂದು ಮನುಷ್ಯರಂತೆ ನೆಲೆಸಿದವರಿದ್ದಾರೆ. ಅವುಗಳಲ್ಲಿ 2002ರ ‘ಅರ್ಥ್‌ಬಾರ್ನ್’ ಭೂಮಿಯಲ್ಲೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳ ಕಥೆ. ತಂದೆತಾಯಿಗೆ ತಮ್ಮ ಗ್ರಹದಿಂದ ಕರೆ ಬಂದಿದೆ. ಆ ‘ಊರು’ ಅವರಿಗೆ ಊರು, ಮಗಳಿಗಲ್ಲ. ಅವಳು ಬರಲಾರೆ ಎನ್ನುತ್ತಾಳೆ. ಪರದೇಶದಲ್ಲಿ ಮಕ್ಕಳನ್ನು ಬೆಳೆಸಿದ ತಂದೆತಾಯಿಗಳಿಗೆ ಈ ಮಾತು ಯಾವ ಗ್ರಹದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೆನಿಮ್ ಕಥೆಯೂ ಮುಂದಿನ ಪುಸ್ತಕಗಳಲ್ಲಿ ಗಾಢವಾಗುತ್ತ ಹೋಗುತ್ತದೆ. ಎರಡನೆಯ ಪುಸ್ತಕದಲ್ಲಿ ಮನೆಗೇ ಸಂಚಕಾರ ಬಂದು ಹಳ್ಳಿಯ ಕಡೆಗೆ ಗುಳೆ ಹೋಗಬೇಕಾಗುತ್ತದೆ. ಆಪಲ್‌ಬಿ ಕಟ್ಟಿದ ಸುಳ್ಳಿನ ಆಲ್ಬರ್ಟ್ ಪಾಂಡ್ ಅಲ್ಲಿ ನಿಜವಾಗಿಯೇ ಬಂದು ನಿಲ್ಲುತ್ತಾನೆ! ಮೂರನೆಯದರಲ್ಲಿ ಮನೆಯ ಒಂದು ಜೀವ ನಂದುತ್ತದೆ. ನಾಲ್ಕನೆಯದರಲ್ಲಿ ಇಡೀ ಕುಟುಂಬ ತನ್ನ ಜೀವ ಹೋಗುವ ದಿನವನ್ನು ಮೊದಲೇ ತಿಳಿದು, ಮನೆಯನ್ನೆಲ್ಲ ಒಪ್ಪ ಮಾಡಿಟ್ಟು ಕಾಯುತ್ತದೆ. ಹುಟ್ಟೇ ಇಲ್ಲದವರಿಗೆ ಸಾವೇಕೆ ಎನ್ನಬಹುದು. ಪ್ರೀತಿಸಿದ ಮೇಲೆ ಕಳೆದುಕೊಳ್ಳುವ ಭಯ ಗೊಂಬೆಗೂ ತಪ್ಪಿದ್ದಲ್ಲ ಎಂಬುದೇ ಈ ಪುಸ್ತಕಗಳ ಉತ್ತರ. ಐದನೆಯ ಪುಸ್ತಕ ಅವರನ್ನು ಮತ್ತೆ ಎಚ್ಚರಿಸುತ್ತದೆ ಎಂಬುದು ಎಳೆಯ ಓದುಗರ ಸಮಾಧಾನಕ್ಕೆ.

ಮೊದಲ ಪುಸ್ತಕದಲ್ಲೇ ಎರಡು ಘಟನೆಗಳು ಈ ಕುಟುಂಬದ ಗುಣವನ್ನು ತೋರಿಸಿಕೊಡುತ್ತವೆ. ಅಟ್ಟದ ಮೇಲಿನ ಪೆಟ್ಟಿಗೆಯೊಂದರಲ್ಲಿ ಕೇಟ್ ಅರ್ಧಕ್ಕೆ ಬಿಟ್ಟ ಒಂದು ಗೊಂಬೆ ಸೂಬಿಯ ಕಣ್ಣಿಗೆ ಬೀಳುತ್ತದೆ. ಅದು ಅವನದೇ ಅವಳಿ ತಂಗಿ ಪಿಲ್‌ಬೀಮ್. 40 ವರ್ಷಗಳಿಂದ ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿದ್ದ ಅವಳನ್ನು ವಿನೆಟಾ ಕೂತು ಹೊಲಿದು ಪೂರ್ತಿ ಮಾಡುತ್ತಾಳೆ. ಹುಡುಗಿಗೆ ಜೀವ ಬರುತ್ತದೆ. ಗುಟ್ಟು ಕಾಯುವುದೇ ಕಷ್ಟವಾಗಿರುವ ಮನೆಗೆ ಇನ್ನೊಂದು ಮುಖ ಸೇರಿದರೆ ಅಪಾಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಆದರೂ ಸೂಜಿ ನಿಲ್ಲುವುದಿಲ್ಲ.

ಇನ್ನೊಂದು ಮಿಸ್ ಕ್ವಿಗ್ಲಿಯ ಸಂಗತಿ. ಮಗು ಗೂಗಲ್ಸ್‌ಗೆ ಒಬ್ಬ ದಾದಿ ಬೇಕು ಎಂಬ ಮಾತನ್ನು ವಿನೆಟಾ ತೆಗೆಯುತ್ತಾಳೆ. ನಿನ್ನ ಕಪಾಟು ನಮಗೆ ಗೊತ್ತು ಎಂದು ಅವಳು ಹೇಳುವುದಿಲ್ಲ. ಪಾಪ, ಇನ್ನು ಮೇಲೆ ಇಲ್ಲೇ ಇರು ಎಂದು ಕನಿಕರವನ್ನೂ ತೋರುವುದಿಲ್ಲ. ಗೌರವಸ್ಥ ಹೆಂಗಸೊಬ್ಬಳಿಗೆ ಕೆಲಸವೊಂದನ್ನು ಕೊಡುವ ರೀತಿಯಲ್ಲೇ ಕೇಳುತ್ತಾಳೆ. ದಾದಿಯಾದವಳು ಮನೆಯಲ್ಲೇ ಇರಬೇಕಲ್ಲವೇ? ಹಾಗೆ ಅತಿಥಿಯ ಮರ್ಯಾದೆಗೆ ಕುಂದು ಬಾರದಂತೆ ಆಕೆಗೆ ಮನೆಯೊಳಗೊಂದು ಜಾಗ ಸಿಗುತ್ತದೆ. ಅಂದಿನಿಂದ ಮಿಸ್ ಕ್ವಿಗ್ಲಿ ಆ ಕಪಾಟಿನಲ್ಲಿ ಕೂರಬೇಕಾಗಿಲ್ಲ.